ಕಟ್ಟಿದ ತಾಣ ಉಳಿಯಬೇಕಾದರೆ

ವೆಬ್ ಡೆವಲಪರ್ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯಾವ ಭಾಷೆ ಕಲಿಯಲಿ, ಯಾವ ಎಡಿಟರ್ ಬಳಸಲಿ, ಎಐ ಬಂದ ಮೇಲೆ ಇದನ್ನೆಲ್ಲ ಕಲಿತು ಪ್ರಯೋಜನ ಉಂಟೇ? ಸಂಬಳದ ಕೆಲಸ ಮುಗಿಸಿ ರಾತ್ರಿ ಹೊತ್ತು ತಮ್ಮದೇ ಒಂದು ಪುಟ್ಟ ಸೈಡ್ ಪ್ರಾಜೆಕ್ಟ್ ಮಾಡುವ ಆಸೆ ಅವರಲ್ಲಿ ಅನೇಕರಿಗಿದೆ. ಊರಿನ ಬಸ್ಸುಗಳ ವೇಳಾಪಟ್ಟಿ, ಅಜ್ಜಿ ಹೇಳುತ್ತಿದ್ದ ಒಗಟುಗಳು, ಅಡಿಕೆ ಧಾರಣೆಯ ಪುಟ, ಕನ್ನಡದ ಪದಬಂಧ ಹೀಗೆ. ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಆದರೆ ಮೂರು ವರ್ಷದ ಮೇಲೆ ಇದರ ಡೊಮೈನ್ ದುಡ್ಡು ಯಾರು ಕಟ್ಟುತ್ತಾರೆ, ಡೇಟಾದ ಇನ್ನೊಂದು ಪ್ರತಿ ಎಲ್ಲಿರಬೇಕು ಎಂದು ಕೇಳಿದವರು ತೀರಾ ಅಪರೂಪ.

ಕಟ್ಟುವ ಕೆಲಸ ಈಗ ಹಿಂದೆಂದಿಗಿಂತ ಹಗುರ. ಉಳಿಸಿಕೊಳ್ಳುವ ಕೆಲಸ ಮಾತ್ರ ಹಾಗೇ ಇದೆ, ಅದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ಕನ್ನಡದಲ್ಲಿ ಸಣ್ಣಪುಟ್ಟ ತಾಣಗಳು ನೂರಾರು ಹುಟ್ಟಿವೆ. ಎಷ್ಟೋ ತಾಣಗಳು ಕಣ್ಣೆದುರೇ ಇಲ್ಲವಾಗಿವೆ. ಅವುಗಳ ಕೋಡ್ ಕೆಟ್ಟದಾಗಿತ್ತು ಅಂತಲ್ಲ. ಅಡಿಪಾಯದ ಎರಡು ಮೂರು ಸಂಗತಿಗಳನ್ನು ಯಾರೂ ವಿಚಾರಿಸಿರಲಿಲ್ಲ. ಈ ವಾರ ಆ ಸಂಗತಿಗಳನ್ನೇ ಬರೆಯುತ್ತೇನೆ.

ನೋಡುವವರಿಗೆ ವೆಬ್‌ಸೈಟ್ ಒಂದೇ ವಸ್ತು. ಒಳಗೆ ಅದು ಮೂರು. ಬ್ರೌಸರಿನಲ್ಲಿ ಟೈಪ್ ಮಾಡುವ ಹೆಸರು ಡೊಮೈನ್. ಅದನ್ನು ರಿಜಿಸ್ಟ್ರಾರ್ ಎಂಬ ಕಂಪನಿಯ ಮೂಲಕ ವರ್ಷದ ಲೆಕ್ಕದಲ್ಲಿ ಪಡೆಯುತ್ತೇವೆ. ಫೈಲುಗಳು ಕೂತಿರುವ ಕಂಪ್ಯೂಟರ್ ಸರ್ವರ್. ಅದರಲ್ಲಿ ಜಾಗ ಪಡೆಯುವುದೇ ಹೋಸ್ಟಿಂಗ್. ಮೂರನೆಯದು ನಾವು ಬರೆದ ಕೋಡ್ ಮತ್ತು ಅದರೊಳಗಿನ ಡೇಟಾ. ಈ ಹೆಸರು ಈ ಸರ್ವರಿನದು ಎಂದು ಜಗತ್ತಿಗೆ ತಿಳಿಸುವ ವ್ಯವಸ್ಥೆ ಡಿಎನ್‌ಎಸ್. ಎಲ್ಲವೂ ಒಂದೇ ಕಂಪನಿಯಲ್ಲಿ, ಒಂದೇ ಲಾಗಿನ್ನಿನಲ್ಲಿ ಇದ್ದರೆ ಶುರುವಿನಲ್ಲಿ ಅನುಕೂಲ. ಆ ಲಾಗಿನ್ ಕೈತಪ್ಪಿದರೆ ಮೂರೂ ಒಟ್ಟಿಗೆ ಹೋಗುತ್ತವೆ.

ಮಲೆನಾಡಿನ ಒಂದು ತಾಲ್ಲೂಕಿನ ಸಾಹಿತ್ಯ ಬಳಗದಿಂದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. “ನೋಡಪ್ಪಾ, ನಮ್ಮ ಸೈಟ್ ತೆಗೆದರೆ ಏನೋ ಇಸ್ಪೀಟಿನ ಜಾಹೀರಾತು ಬರ್ತಾ ಇದೆ. ಹುಡುಗರ ಮುಂದೆ ಮುಖ ಎತ್ತೋ ಹಾಗಿಲ್ಲ” ಎಂದರು. ಆ ತಾಣದಲ್ಲಿ ಸುತ್ತಲಿನ ಹಳ್ಳಿಗಳ ಹಿರಿಯರ ಸಂದರ್ಶನಗಳಿದ್ದವು, ವೀರಗಲ್ಲುಗಳ ಫೋಟೋಗಳಿದ್ದವು. ವಿಚಾರಿಸಿದರೆ ಡೊಮೈನ್ ಇದ್ದದ್ದು ಸೈಟ್ ಮಾಡಿಕೊಟ್ಟ ಹುಡುಗನ ಸ್ವಂತ ಇಮೇಲ್ ವಿಳಾಸದಲ್ಲಿ. ಅವನು ಕೆಲಸ ಬದಲಿಸಿ ಊರು ಬಿಟ್ಟಿದ್ದ. ನವೀಕರಣದ ನೋಟಿಸುಗಳು ಅವನು ತೆರೆಯದ ಹಳೆಯ ಇನ್‌ಬಾಕ್ಸಿಗೆ ಬಂದು ಬೀಳುತ್ತಿದ್ದವು. ಯಾರದೂ ಕೆಟ್ಟ ಉದ್ದೇಶವಲ್ಲ. ಬಳಗದ ಹೆಸರು ಬಳಗದ ಕೈಯಲ್ಲಿ ಇರಲಿಲ್ಲ, ಅಷ್ಟೇ.

ಡಾಟ್ ಕಾಮ್ ಥರದ ಡೊಮೈನಿನ ಅವಧಿ ಮುಗಿದ ಕೂಡಲೇ ಅದು ಬೇರೆಯವರ ಪಾಲಾಗುವುದಿಲ್ಲ. ಮೊದಲು ರಿಜಿಸ್ಟ್ರಾರ್ ಕೊಡುವ ಒಂದಷ್ಟು ದಿನಗಳ ಸಲಿಗೆ ಇರುತ್ತದೆ, ಆಗ ಮಾಮೂಲಿ ದರದಲ್ಲೇ ನವೀಕರಿಸಬಹುದು. ಅದು ದಾಟಿದರೆ 30 ದಿನಗಳ ರಿಡೆಂಪ್ಷನ್ ಅವಧಿ. ಆಗಲೂ ಹಳೆಯ ಒಡೆಯ ಬಿಡಿಸಿಕೊಳ್ಳಬಹುದು, ಆದರೆ ದಂಡ ಜೋರಾಗಿಯೇ ಇರುತ್ತದೆ. ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ. ಆರನೆಯ ದಿನ ಹೆಸರು ಬಯಲಿಗೆ ಬೀಳುತ್ತದೆ. ಹಳೆಯ ಹೆಸರಿಗೆ ಹುಡುಕಾಟದ ಫಲಿತಾಂಶಗಳಲ್ಲಿ ಒಂದು ಸ್ಥಾನ ಸಿಕ್ಕಿರುತ್ತದೆ. ಅದನ್ನು ಹಿಡಿಯಲೆಂದೇ ಯಂತ್ರಗಳನ್ನಿಟ್ಟು ಕಾಯುವವರಿದ್ದಾರೆ. ಬಳಗದ ಹೆಸರಿಗೆ ಆದದ್ದೂ ಅದೇ.

ಭಾರತದಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಗ್ರಾಹಕ ಒಮ್ಮೆ ಇ-ಮ್ಯಾಂಡೇಟ್ ನೋಂದಾಯಿಸಬೇಕು, ಕಡಿತಕ್ಕೆ ಮುಂಚೆ ಸೂಚನೆ ಬರಬೇಕು, ಮೊತ್ತ ಮಿತಿ ದಾಟಿದರೆ ಒಟಿಪಿ ಕೊಡಬೇಕು. ಮೊದಲು ಆ ಮಿತಿ 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಗ್ರಾಹಕರ ರಕ್ಷಣೆಗೆ ಇದು ಒಳ್ಳೆಯ ನಿಯಮವೇ. ಆದರೆ ಈ ವ್ಯವಸ್ಥೆಗೆ ಹೊಂದಿಕೊಳ್ಳದ ಎಷ್ಟೋ ವಿದೇಶಿ ಹೋಸ್ಟಿಂಗ್ ಮತ್ತು ಡೊಮೈನ್ ಕಂಪನಿಗಳಲ್ಲಿ ನಮ್ಮ ಕಾರ್ಡಿನ ‘ಆಟೋ ರಿನ್ಯೂ’ ವಿಫಲವಾಗತೊಡಗಿತು. ತೆರೆಯ ಮೇಲೆ ಆಟೋ ರಿನ್ಯೂ ‘ಆನ್’ ಎಂದೇ ಇರುತ್ತದೆ, ಹಣ ಮಾತ್ರ ಹೋಗಿರುವುದಿಲ್ಲ. ಹಾಗಾಗಿ ನಾನು ಡೊಮೈನುಗಳನ್ನು ಒಂದೇ ಸಲಕ್ಕೆ ಹಲವು ವರ್ಷಗಳಿಗೆ ನವೀಕರಿಸುತ್ತೇನೆ. ಯುಪಿಐ ಅಥವಾ ನೆಟ್ ಬ್ಯಾಂಕಿಂಗ್ ಒಪ್ಪುವ ರಿಜಿಸ್ಟ್ರಾರ್ ಸಿಕ್ಕರೆ ಇನ್ನೂ ನಿರಾಳ.

ಇನ್ನು ಹೋಸ್ಟಿಂಗ್. ನನ್ನ ತಲೆಮಾರಿನವರು ಈ ಕಸುಬು ಕಲಿತದ್ದು ಶೇರ್ಡ್ ಹೋಸ್ಟಿಂಗ್‌ನಲ್ಲಿ. ಒಂದೇ ಸರ್ವರಿನಲ್ಲಿ ನೂರಾರು ಜನರ ಸೈಟುಗಳು, ಎಲ್ಲರಿಗೂ ಸಿಪ್ಯಾನೆಲ್ ಎಂಬ ಒಂದೇ ಥರದ ತೆರೆ, ಫೈಲ್‌ಜಿಲ್ಲಾ ತೆರೆದು ಎಫ್‌ಟಿಪಿಯಲ್ಲಿ ಫೈಲುಗಳನ್ನು ತಳ್ಳುವುದು. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಅಲ್ಲಿ ಮೊದಲೇ ಇರುತ್ತಿದ್ದವು. ಇವತ್ತಿಗೂ ಒಂದು ಸಣ್ಣ ಅಂಗಡಿಯ, ಶಾಲೆಯ, ಸಂಘದ ವರ್ಡ್‌ಪ್ರೆಸ್ ಸೈಟಿಗೆ ಇದು ಸಾಕು. ಕೊಳ್ಳುವಾಗ ಮೊದಲ ವರ್ಷದ ದರ ನೋಡಬೇಡಿ, ನವೀಕರಣದ ದರ ನೋಡಿ. ನನಗೆ ತಿಳಿದ ಒಂದು ಕಂಪನಿ ಮೊದಲ ವರ್ಷ ಕಡಲೆಕಾಯಿ ಬೆಲೆಗೆ ಜಾಗ ಕೊಟ್ಟು ಎರಡನೇ ವರ್ಷ ಅದರ ನಾಲ್ಕೈದು ಪಟ್ಟು ಕೇಳಿತು. ‘ಅನ್‌ಲಿಮಿಟೆಡ್’ ಎಂಬ ಮಾತನ್ನೂ ನಂಬಿ ಕೂರುವಂತಿಲ್ಲ. ಜಾಗಕ್ಕೆ ಮಿತಿ ಇಲ್ಲದಿದ್ದರೂ ಫೈಲುಗಳ ಸಂಖ್ಯೆಗೆ ಮಿತಿ ಇರುತ್ತದೆ.

ಸ್ವಲ್ಪ ಕೈ ಪಳಗಿದವರು ವಿಪಿಎಸ್‌ಗೆ ಹೋಗುತ್ತಾರೆ. ಒಂದು ಇಡೀ ಲಿನಕ್ಸ್ ಯಂತ್ರದಂತೆ ಕಾಣುವ ಪಾಲು ನಿಮ್ಮದಾಗುತ್ತದೆ. ನಾನಂತೂ ಎಲ್ಲ ವೆಬ್ ಡೆವಲಪರುಗಳೂ ಒಮ್ಮೆಯಾದರೂ ಖಾಲಿ ಉಬುಂಟು ಯಂತ್ರ ತೆಗೆದುಕೊಂಡು ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಹಾಕಿ, ಡೊಮೈನ್ ಜೋಡಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸರ್ಟಿಫಿಕೇಟ್ ಪಡೆದು ಒಂದು ಪುಟವನ್ನು ಲೋಕಕ್ಕೆ ತೋರಿಸಬೇಕು ಎನ್ನುವವನು. ವೆಬ್ ಹೇಗೆ ನಡೆಯುತ್ತದೆಂದು ಕೈಗೆ ತಿಳಿಯುವುದು ಆಗಲೇ. ಹಾಗೆ ಮಾಡಿದ ದಿನವೇ ಇನ್ನೊಂದನ್ನೂ ನೋಡಿ: ಸರ್ವರಿನ ಲಾಗಿನ್ ದಾಖಲೆಯ ಫೈಲು. ನೀವು ಆ ಯಂತ್ರದ ಬಗ್ಗೆ ಯಾರಿಗೂ ಹೇಳಿರುವುದಿಲ್ಲ. ಆದರೂ ಕೆಲವೇ ಹೊತ್ತಿನಲ್ಲಿ ಜಗತ್ತಿನ ಯಾವ್ಯಾವುದೋ ಮೂಲೆಯಿಂದ ‘ರೂಟ್’, ‘ಅಡ್ಮಿನ್’, ‘ಟೆಸ್ಟ್’ ಎಂಬ ಹೆಸರುಗಳಲ್ಲಿ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ಸಾಲುಗಟ್ಟಿರುತ್ತವೆ. ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀಲಿಯಿಂದ ಮಾತ್ರ ಒಳಗೆ ಬರುವಂತೆ ಮಾಡಿದರೆ ಅವೆಲ್ಲ ನಿಷ್ಫಲ. ಸೆಕ್ಯುರಿಟಿ ಅಪ್‌ಡೇಟುಗಳನ್ನು ಮಾತ್ರ ತಪ್ಪದೇ ಹಾಕುತ್ತಿರಬೇಕು, ಅದಕ್ಕೆ ವ್ಯವಧಾನ ಇಲ್ಲದವರು ವಿಪಿಎಸ್ ಇಟ್ಟುಕೊಳ್ಳದಿರುವುದೇ ಮೇಲು.

ಪುಕ್ಕಟೆ ಹೋಸ್ಟಿಂಗ್ ಇದೆಯಲ್ಲ ಎನ್ನುತ್ತೀರಿ. ಇದೆ, ನಾನೂ ಬಳಸುತ್ತೇನೆ. ಆದರೆ ಅದರ ಚರಿತ್ರೆ ಗೊತ್ತಿರಲಿ. 1994ರಲ್ಲಿ ಶುರುವಾದ ಜಿಯೋಸಿಟೀಸ್ ಲಕ್ಷಾಂತರ ಜನರಿಗೆ ಬದುಕಿನ ಮೊದಲ ವೆಬ್ ಪುಟ ಕೊಟ್ಟಿತು. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಹಗಲಿರುಳು ಇಳಿಸಿಕೊಂಡದ್ದರಿಂದ ಒಂದಷ್ಟು ಉಳಿಯಿತು. ನಮ್ಮ ಕಾಲಕ್ಕೆ ಬಂದರೆ ಹೆರೋಕು. 2007ರಲ್ಲಿ ಹುಟ್ಟಿದ ಈ ಸೇವೆಯಲ್ಲಿ ‘ಗಿಟ್ ಪುಶ್ ಹೆರೋಕು ಮಾಸ್ಟರ್’ ಎಂದು ಟೈಪ್ ಮಾಡಿದರೆ ಆ್ಯಪ್ ಜೀವಂತ. ಇಂಜಿನಿಯರಿಂಗ್ ಓದುವ ಹುಡುಗರ ರೆಸ್ಯೂಮೆಗಳಲ್ಲಿ ಹೆರೋಕು ಲಿಂಕುಗಳು ತುಂಬಿದ್ದ ಕಾಲ ಅದು. ಅರ್ಧ ಗಂಟೆ ಯಾರೂ ನೋಡದಿದ್ದರೆ ಪುಕ್ಕಟೆ ಆ್ಯಪ್ ಮಲಗುತ್ತಿತ್ತು. ಯಾರಾದರೂ ಬಂದರೆ ಎದ್ದೇಳಲು ಕೆಲವು ಸೆಕೆಂಡು. 2022ರ ಆಗಸ್ಟಿನಲ್ಲಿ ಪುಕ್ಕಟೆ ಯೋಜನೆ ನಿಲ್ಲಿಸುವುದಾಗಿ ಕಂಪನಿ ಹೇಳಿತು, ನವೆಂಬರ್ 28ರಿಂದ ನಿಲ್ಲಿಸಿತು. ಮೂರು ತಿಂಗಳ ಸೂಚನೆ ಇತ್ತು, ಆದ್ದರಿಂದ ಅನ್ಯಾಯ ಎನ್ನಲಾರೆ. ಆದರೆ ಬಿಟ್ಟು ಮರೆತಿದ್ದ ಎಷ್ಟೋ ಒಳ್ಳೆಯ ಸಣ್ಣ ಕೆಲಸಗಳು ಆ ದಿನ ಮಲಗಿದವು, ಮತ್ತೆ ಏಳಲಿಲ್ಲ.

ನನ್ನ ನಿಲುವು ಇಷ್ಟು. ಪುಕ್ಕಟೆ ಜಾಗ ಬಳಸಿ, ಹೆಸರು ಮಾತ್ರ ಸ್ವಂತದ್ದಿರಲಿ. ಕಂಪನಿಯ ಹೆಸರು ಅಂಟಿಕೊಂಡ ವಿಳಾಸದಲ್ಲಿ ಹತ್ತು ವರ್ಷ ಬರೆದರೆ ಓದುಗರು ಉಳಿಸಿಕೊಂಡ ಲಿಂಕುಗಳೆಲ್ಲ ಆ ಕಂಪನಿಯವು. ಸ್ವಂತ ಡೊಮೈನ್ ಇದ್ದರೆ ಇವತ್ತು ಇಲ್ಲಿಂದ ಎತ್ತಿ ನಾಳೆ ಅಲ್ಲಿಡಬಹುದು, ಓದುಗರಿಗೆ ಸುಳಿವೂ ಸಿಗುವುದಿಲ್ಲ. ಕನ್ನಡದ ಬಹುಪಾಲು ಸೈಡ್ ಪ್ರಾಜೆಕ್ಟ್‌ಗಳಿಗೆ ಡೇಟಾಬೇಸ್ ಕೂಡ ಬೇಕಾಗಿಲ್ಲ. ಕಥೆ, ಗಾದೆ, ಅಡುಗೆ, ಊರಿನ ಚರಿತ್ರೆ, ವೇಳಾಪಟ್ಟಿ ಇವೆಲ್ಲ ಮೊದಲೇ ತಯಾರಿಸಿಟ್ಟ ಎಚ್‌ಟಿಎಂಎಲ್ ಪುಟಗಳಾಗಿ ಇರಬಹುದು. ಜೆಕಿಲ್, ಹ್ಯೂಗೋ ಇಂಥ ಸಲಕರಣೆಗಳು ಆ ಕೆಲಸ ಮಾಡಿಕೊಡುತ್ತವೆ. ಇಂಥ ಪುಟಗಳಿಗೆ ಪುಕ್ಕಟೆ ಜಾಗ ಕೊಡುವ ಗಿಟ್‌ಹಬ್ ಪೇಜಸ್ ಒಂದು ಸೈಟಿಗೆ 1 ಜಿಬಿ ಜಾಗ, ತಿಂಗಳಿಗೆ 100 ಜಿಬಿ ಸಾಗಣೆಯ ಮಿತಿ ಇಟ್ಟಿದೆ. ದಪ್ಪ ಕನ್ನಡ ಕಾದಂಬರಿಯೊಂದರ ಪೂರ್ತಿ ಪಠ್ಯ ನಾಲ್ಕೈದು ಎಂಬಿ ದಾಟದು. ಲೆಕ್ಕ ನೀವೇ ಹಾಕಿ.

ಈಗ ಕನ್ನಡದ ವಿಚಾರಕ್ಕೆ ಬರೋಣ. ಇಂಗ್ಲಿಷ್ ಸೈಟ್ ಮಾಡುವವರಿಗೆ ಎಂದೂ ಎದುರಾಗದ ತೊಂದರೆಗಳು ಇಲ್ಲಿ ಇವೆ, ಅವನ್ನು ಬಲ್ಲವರು ನಾವೇ ಆಗಿರಬೇಕು.

ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ವೆಬ್ ಬಳಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ಎಂದು ಬರೆಯಿರಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘ ಈಕಾರದ ಗುರುತು, ಒಟ್ಟು 6 ಸಂಕೇತ, 18 ಬೈಟ್. ಜಾವಾಸ್ಕ್ರಿಪ್ಟಿಗೆ ಇದರ ಉದ್ದ ಕೇಳಿದರೆ 6 ಎನ್ನುತ್ತದೆ. ಪದಬಂಧದ ಒಂದು ಚೌಕದಲ್ಲಿ ಒಂದು ಅಕ್ಷರ ಕೂರಿಸಲು ಹೊರಟವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. 2023ರಲ್ಲಿ ಬಂದ ಯೂನಿಕೋಡ್ 15.1, ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುವ ಹೊಸ ನಿಯಮವನ್ನು ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಆದ್ದರಿಂದ ಹಲಂತ ಬಂದರೆ ಮುಂದಿನ ವ್ಯಂಜನವನ್ನು ಜೊತೆಗೆ ಸೇರಿಸಿಕೋ ಎಂಬ ನಿಯಮವನ್ನು ಕನ್ನಡದ ಡೆವಲಪರ್ ತಾನೇ ಬರೆದುಕೊಳ್ಳುವುದು ಕ್ಷೇಮ. ಹತ್ತು ಸಾಲಿನ ಕೋಡ್ ಅದು.

ಡೇಟಾಬೇಸಿನ ಕಥೆ ಇನ್ನೂ ಹಳೆಯದು. ಮೈಎಸ್‌ಕ್ಯೂಎಲ್ ಬಹುಕಾಲ ತಾನಾಗಿ ಆರಿಸಿಕೊಳ್ಳುತ್ತಿದ್ದದ್ದು ಲ್ಯಾಟಿನ್-1 ಎಂಬ ಯುರೋಪಿನ ಅಕ್ಷರಕ್ರಮವನ್ನು. ಅದರಲ್ಲಿ ಕನ್ನಡ ಹಾಕಿದರೆ ಬರುತ್ತಿದ್ದದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಆ ಸಾಲಿನಿಂದ ಮೂಲ ಪಠ್ಯವನ್ನು ಮರಳಿ ಪಡೆಯಲು ಸಾಧ್ಯವೇ ಇಲ್ಲ. ಕನ್ನಡದ ಬದಲು ವಿಚಿತ್ರ ಚಿಹ್ನೆ ಹೊತ್ತ ರೋಮನ್ ಅಕ್ಷರಗಳು ಕಂಡರೆ ಧೈರ್ಯವಾಗಿರಿ: ಬೈಟುಗಳು ಭದ್ರವಾಗಿವೆ, ಓದುವ ಕ್ರಮ ತಪ್ಪಾಗಿದೆ, ಸರಿಪಡಿಸಬಹುದು. ಮೈಎಸ್‌ಕ್ಯೂಎಲ್ ‘ಯುಟಿಎಫ್-8’ ಎಂದು ಕರೆಯುತ್ತಿದ್ದದ್ದೂ ಅರೆಬರೆ. ಅದು 3 ಬೈಟಿನವರೆಗೆ ಮಾತ್ರ. ಕನ್ನಡ ಹಿಡಿಸುತ್ತದೆ, 4 ಬೈಟಿನ ಇಮೋಜಿ ಹಿಡಿಸುವುದಿಲ್ಲ. ಓದುಗರೊಬ್ಬರು ಉದ್ದನೆಯ ಪತ್ರ ಬರೆದು ನಡುವೆ ಒಂದು ಕೈಮುಗಿಯುವ ಚಿತ್ರ ಹಾಕಿದರೆ, ಎಷ್ಟೋ ಹಳೆಯ ಸೈಟುಗಳಲ್ಲಿ ಅಲ್ಲಿಂದ ಮುಂದಿನದೆಲ್ಲ ಕತ್ತರಿಸಿ ಹೋಗುತ್ತಿತ್ತು. ಯುಟಿಎಫ್8ಎಂಬಿ4 ಎಂದು ಹೊಂದಿಸಿದರೆ ಈ ಬಾಧೆ ಇಲ್ಲ. 2018ರ ಮೈಎಸ್‌ಕ್ಯೂಎಲ್ 8.0ರಿಂದ ಅದೇ ಮಾಮೂಲಿ ಹೊಂದಿಕೆ. ಹಳೆಯ ಹೋಸ್ಟಿಂಗ್‌ನಲ್ಲಿರುವವರು ಇವತ್ತೇ ಒಮ್ಮೆ ತೆರೆದು ನೋಡಿ.

ಸೈಟಿನೊಳಗಿನ ಹುಡುಕಾಟಕ್ಕೆ ಇನ್ನೊಂದು ಕಾಟ, ಕಣ್ಣಿಗೆ ಕಾಣದ ಅಕ್ಷರಗಳದು. ‘ರಾಜ್‌ಕುಮಾರ್’ ಎಂದು ಜಕಾರ ಕಕಾರ ಕೂಡದಂತೆ ಬರೆಯಲು ನಡುವೆ ಅಗಲವೇ ಇಲ್ಲದ ಒಂದು ಗುರುತು ಬೇಕು. ಒಬ್ಬರು ಅದನ್ನು ಹಾಕಿ ಬರೆದಿರುತ್ತಾರೆ, ಹುಡುಕುವವರು ಹಾಕದೆ ಟೈಪ್ ಮಾಡುತ್ತಾರೆ. ಸೈಟ್ ‘ಸಿಗಲಿಲ್ಲ’ ಎನ್ನುತ್ತದೆ. ಹಾಗೆಯೇ ಒಕಾರದ ಗುರುತನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಗುರುತುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಪಠ್ಯವನ್ನು ಉಳಿಸುವ ಮುನ್ನ, ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದು, ಹುಡುಕುವಾಗ ಎರಡೂ ಕಡೆ ಕಾಣದ ಗುರುತುಗಳನ್ನು ತೆಗೆದು ಹೋಲಿಸಿದರೆ ಬಹುಪಾಲು ಗೋಳು ತಪ್ಪುತ್ತದೆ.

ಡಿಟಿಪಿ ಅಂಗಡಿಯಿಂದ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫೈಲುಗಳು ಬಂದರೆ ಇನ್ನೊಂದು ಕೆಲಸ. ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಬದಲಿಸುವ ಸಲಕರಣೆಗಳಿವೆ, ಆದರೆ ಅರ್ಕಾವೊತ್ತಿನ ಕಡೆ ಕಣ್ಣಿಡಬೇಕು. ‘ಕರ್ನಾಟಕ’ ಎಂಬಲ್ಲಿ ಹಳೆಯ ಫಾಂಟು ಮೊದಲು ‘ನಾ’ ಬರೆದು ಆಮೇಲೆ ಅರ್ಕಾವೊತ್ತು ಇಡುತ್ತದೆ, ನಾವು ಕೈಯಲ್ಲಿ ಬರೆಯುವ ಹಾಗೆ. ಯೂನಿಕೋಡಿನಲ್ಲಿ ರಕಾರ ಮೊದಲು, ನಾವು ಉಚ್ಚರಿಸುವ ಹಾಗೆ. ಪರಿವರ್ತಕ ಎಡವುವುದು ಇಂಥ ಕಡೆಯೇ. ಇನ್ನು ಪುಟದ ಅಂದ: ಇಂಗ್ಲಿಷಿಗೆ ಸರಿಹೋಗುವ ಸಾಲಂತರ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಗಲುತ್ತದೆ. ಅಕ್ಷರದ ಗಾತ್ರಕ್ಕೆ ಒಂದೂ ಮುಕ್ಕಾಲರಷ್ಟು ಸಾಲಂತರ ಕೊಡಿ, ಓದುವವರ ಕಣ್ಣಿಗೆ ಹಿತ.

ಸಲಕರಣೆಗಳ ಬಗ್ಗೆ ಹೆಚ್ಚು ಹೇಳಲಾರೆ, ಯಾಕೆಂದರೆ ಅವು ಬದಲಾಗುತ್ತಲೇ ಇರುತ್ತವೆ. ಗಿಟ್‌ಹಬ್‌ನ ಆಟಮ್ ಎಡಿಟರನ್ನು 2014ರಲ್ಲಿ ಎಲ್ಲರೂ ಮೆಚ್ಚಿದರು, 2022ರ ಡಿಸೆಂಬರ್‌ನಲ್ಲಿ ಅದು ನಿಂತಿತು. 2015ರಲ್ಲಿ ಬಂದ ವಿಎಸ್ ಕೋಡ್ ಈಗ ಎಲ್ಲರ ಮೇಜಿನ ಮೇಲಿದೆ. 1991ರ ವಿಮ್ ತನ್ನ ಪಾಡಿಗೆ ತಾನಿದೆ. ಕಲಿಯಲೇಬೇಕಾದದ್ದು ಒಂದೇ: ಗಿಟ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಇದು ಕೋಡಿನ ಪ್ರತಿಯೊಂದು ಬದಲಾವಣೆಯನ್ನೂ ನೆನಪಿಡುತ್ತದೆ, ಬರೆದವರ ಕಂಪ್ಯೂಟರಿನಲ್ಲೂ ಪೂರ್ತಿ ಚರಿತ್ರೆ ಇರುತ್ತದೆ. ಎರಡನೆಯ ಮಾತು, ಬೇರೆಯವರ ಪ್ಯಾಕೇಜುಗಳನ್ನು ಕೈ ಹಿಡಿದು ಬಳಸಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂ ಭಂಡಾರದಿಂದ ತೆಗೆದುಹಾಕಿದರು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ನೇರವಾಗಿಯೋ ಸುತ್ತುಬಳಸಿಯೋ ನೆಚ್ಚಿದ್ದ ಜಗತ್ತಿನ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್ ಅಂದು ಮುರಿದುಬಿತ್ತು. ಎರಡು ವರ್ಷ ಮುಟ್ಟದ ರಿಯಾಕ್ಟ್ ಪ್ರಾಜೆಕ್ಟನ್ನು ಮತ್ತೆ ಎಬ್ಬಿಸಲು ಒಂದು ಸಂಜೆ ಪೂರ್ತಿ ಬೇಕಾಗುವುದುಂಟು. ಬರೀ ಎಚ್‌ಟಿಎಂಎಲ್‌ನಲ್ಲಿ ಬರೆದ ಪುಟಕ್ಕೆ ಆ ಕಷ್ಟವಿಲ್ಲ. ಟಿಮ್ ಬರ್ನರ್ಸ್-ಲೀ ಸರ್ನ್‌ನಲ್ಲಿ ಬರೆದ ವೆಬ್‌ನ ಮೊದಲ ಪುಟಗಳ ಪ್ರತಿ ಇವತ್ತಿನ ಬ್ರೌಸರಿನಲ್ಲೂ ತೆರೆಯುತ್ತದೆ.

ಎಐ ಸಹಾಯಕರನ್ನು ನಾನು ದಿನವೂ ಬಳಸುತ್ತೇನೆ. 2022ರಲ್ಲಿ ಗಿಟ್‌ಹಬ್ ಕೋಪೈಲಟ್ ಎಲ್ಲರಿಗೂ ಸಿಕ್ಕಿತು, 2025ರ ಹೊತ್ತಿಗೆ ಆಂಡ್ರೆ ಕಾರ್ಪಥಿ ಇಟ್ಟ ‘ವೈಬ್ ಕೋಡಿಂಗ್’ ಎಂಬ ಹೆಸರೇ ಬಳಕೆಗೆ ಬಂತು. ವಾರಾಂತ್ಯದ ಸೈಡ್ ಪ್ರಾಜೆಕ್ಟಿಗೆ ಇದು ದೊಡ್ಡ ಬಲ. ಕೋಡ್ ಗೊತ್ತಿಲ್ಲದ ಕನ್ನಡ ಉಪನ್ಯಾಸಕರು ತಮಗೆ ಬೇಕಾದ ಪುಟವನ್ನು ತಾವೇ ಮಾಡಿಕೊಳ್ಳಬಹುದು. ಆದರೆ ಅದು ಬರೆದ ಕೋಡನ್ನು ಕನ್ನಡದ ಹೆಸರುಗಳಿಂದ ಪರೀಕ್ಷಿಸಿ. ಬಳಕೆದಾರರ ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ವೃತ್ತದೊಳಗೆ ತೋರಿಸು ಎಂದರೆ ಶ್ರೀನಿವಾಸರಿಗೆ ‘ಶ’, ತ್ರಿವೇಣಿಯವರಿಗೆ ‘ತ’ ಬರುವ ಕೋಡನ್ನು ಬರೆದುಕೊಡುವುದುಂಟು. ‘ಶ್ರೀ’, ‘ತ್ರಿ’ ಬರಬೇಕೆಂದು ಹೇಳಬೇಕಾದವರು ನಾವು. ಇನ್ನೊಂದು, ಪಾಸ್‌ವರ್ಡ್ ಮತ್ತು ಎಪಿಐ ಕೀಲಿಗಳನ್ನು ಕೋಡಿನೊಳಗೇ ಬರೆದು ಸಾರ್ವಜನಿಕ ಗಿಟ್‌ಹಬ್‌ಗೆ ಏರಿಸಬೇಡಿ. ಅವನ್ನು ಹೆಕ್ಕಲೆಂದೇ ಸುತ್ತುವ ಬಾಟ್‌ಗಳಿವೆ.

ಬ್ಯಾಕಪ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಈ ಕಸುಬಿನ ಎಲ್ಲರೂ ಓದಬೇಕಾದ ಪ್ರಸಂಗವೊಂದಿದೆ. 2017ರ ಜನವರಿ 31ರ ರಾತ್ರಿ, ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಡೇಟಾಬೇಸಿನ ತೊಂದರೆ ಸರಿಪಡಿಸುತ್ತಿದ್ದ ಇಂಜಿನಿಯರ್ ಒಬ್ಬರು ಎರಡನೆಯ ಸರ್ವರಿನಲ್ಲಿದ್ದೇನೆಂದು ಭಾವಿಸಿ ಮುಖ್ಯ ಸರ್ವರಿನ ಡೇಟಾ ಇದ್ದ ಫೋಲ್ಡರನ್ನು ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ 300 ಜಿಬಿಯಷ್ಟಿದ್ದ ಡೇಟಾದಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಒಂದಲ್ಲ, ಐದು ವ್ಯವಸ್ಥೆಗಳಿದ್ದವು. ಹುಡುಕಿದರೆ ಯಾವುದೂ ಆ ಹೊತ್ತಿಗೆ ನಂಬಿಕೆಗೆ ಅರ್ಹವಾಗಿರಲಿಲ್ಲ. ದಿನವೂ ಪ್ರತಿ ತೆಗೆಯುತ್ತಿದ್ದ ಪ್ರೋಗ್ರಾಮಿನ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದುತ್ತಿರಲಿಲ್ಲ, ಹಾಗಾಗಿ ಅದು ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲುಗಳು ತಿರಸ್ಕೃತವಾಗುತ್ತಿದ್ದವು. ಪ್ರತಿಗಳು ಹೋಗಿ ಸೇರಬೇಕಿದ್ದ ಅಮೆಜಾನ್ ಎಸ್3 ಜಾಗ ಖಾಲಿ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ಆ ಆರು ಗಂಟೆಗಳ ಡೇಟಾ ಹೋಯಿತು.

ನನಗೆ ಗೌರವ ಹುಟ್ಟಿಸುವುದು ಆಮೇಲೆ ಅವರು ನಡೆದುಕೊಂಡ ರೀತಿ. ಏನಾಯಿತೆಂಬುದನ್ನು ಆಗಿಂದಾಗಲೇ ಎಲ್ಲರೂ ಓದುವ ದಾಖಲೆಯಲ್ಲಿ ಬರೆದರು, ಮರಳಿ ಕಟ್ಟುವ ಕೆಲಸವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು. ಆ ಪ್ರಾಮಾಣಿಕತೆಯಿಂದಲೇ ಎಷ್ಟೋ ಡೆವಲಪರುಗಳು ತಮ್ಮ ಬ್ಯಾಕಪ್ ತೆರೆದು ನೋಡುವಂತಾಯಿತು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದವರಿಗೆ ಏನೂ ಉಳಿಯಲಿಲ್ಲ. ಕ್ಲೌಡ್ ಅಂದರೂ ಅದು ಎಲ್ಲೋ ಒಂದು ಊರಿನ ಕಟ್ಟಡವೇ ತಾನೇ. ಅದಕ್ಕೇ 3-2-1 ಎಂಬ ಪದ್ಧತಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಸಣ್ಣ ಸೈಟಿನವರು ಇದಕ್ಕೆ ಹೆದರಬೇಕಿಲ್ಲ. ರಾತ್ರಿ ಹೊತ್ತು ಡೇಟಾಬೇಸಿನ ಪ್ರತಿಯನ್ನು ಬೇರೊಂದು ಕಂಪನಿಯ ಜಾಗಕ್ಕೆ ಕಳಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್, ತಿಂಗಳಿಗೊಮ್ಮೆ ಮನೆಯ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ. ಅದರ ಜೊತೆಗೆ ಆಗಾಗ ಆ ಪ್ರತಿಯಿಂದ ಸೈಟನ್ನು ಬೇರೆ ಕಡೆ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಯದಾಗಿ, ಸೈಡ್ ಪ್ರಾಜೆಕ್ಟ್ ಹೇಗಿರಬೇಕೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟನ್ನು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಸಿದ್ಧಪಡಿಸಿದ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, ಎರಡು ಲಕ್ಷ ನಲವತ್ತು ಸಾವಿರದಷ್ಟು ಅರ್ಥಗಳು. ಜೆರೋಧಾದ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ 2019ರಲ್ಲಿ ಅದನ್ನು ವೆಬ್‌ಗೆ ತಂದರು. ಅದಕ್ಕೂ ಮುಂಚೆ 2010ರಲ್ಲಿ ಅವರು ಮಲಯಾಳಂಗೆ ‘ಓಳಂ’ ನಿಘಂಟು ತಾಣ ಕಟ್ಟಿದ್ದರು. ಆ ಅನುಭವ ಕನ್ನಡಕ್ಕೆ ಒದಗಿತು. ಅಲರ್ ತೆರೆದು ನೋಡಿ. ಜಾಹೀರಾತು ಇಲ್ಲ, ಲಾಗಿನ್ ಇಲ್ಲ, ಒಂದು ಹುಡುಕುವ ಪೆಟ್ಟಿಗೆ, ಕೆಳಗೆ ಅರ್ಥ. ಹಳ್ಳಿಯ ನಿಧಾನ ನೆಟ್‌ವರ್ಕಿನಲ್ಲೂ ಥಟ್ಟನೆ ತೆರೆಯುತ್ತದೆ. ತಾಣ ಕಟ್ಟಲು ಬಳಸಿದ ತಂತ್ರಾಂಶವೂ ಮುಕ್ತ.

ಎಲ್ಲಕ್ಕಿಂತ ಮುಖ್ಯವಾದದ್ದು, ನಿಘಂಟಿನ ಪೂರ್ತಿ ಡೇಟಾ ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇದೆ. ನಾಳೆ ಆ ಡೊಮೈನ್ ಇಲ್ಲದಿದ್ದರೂ, ಆ ಸರ್ವರ್ ಇಲ್ಲದಿದ್ದರೂ ನಿಘಂಟು ಇರುತ್ತದೆ. ಇನ್ನೊಬ್ಬರು ಇನ್ನೊಂದು ಕಡೆ ಒಂದೇ ದಿನದಲ್ಲಿ ಎಬ್ಬಿಸಬಹುದು. ಒಬ್ಬ ವಿದ್ವಾಂಸರ ಜೀವಮಾನದ ದುಡಿಮೆಗೆ ಒಬ್ಬ ಡೆವಲಪರ್ ತೋರಿಸಬಹುದಾದ ಅತ್ಯಂತ ದೊಡ್ಡ ಗೌರವ ಇದು ಎಂದು ನನ್ನ ಭಾವನೆ. ನಮ್ಮ ಊರುಗಳಲ್ಲಿ ಇಂಥ ದುಡಿಮೆ ಇನ್ನೆಷ್ಟೋ ಇದೆ. ಜಾನಪದ ಹಾಡುಗಳ ಧ್ವನಿಮುದ್ರಣ ಇಟ್ಟುಕೊಂಡವರಿದ್ದಾರೆ, ಗಿಡಮೂಲಿಕೆಗಳ ಸ್ಥಳೀಯ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ತುಂಬಿಟ್ಟವರಿದ್ದಾರೆ, ತಾಲ್ಲೂಕಿನ ಶಾಸನಗಳ ಪಾಠ ಪ್ರತಿ ಮಾಡಿದ ಮೇಷ್ಟ್ರುಗಳಿದ್ದಾರೆ. ಅವರಿಗೆ ಬೇಕಾಗಿರುವುದು ಹತ್ತು ವರ್ಷ ಕಳೆದರೂ ತೆರೆಯುವ ಒಂದು ಸರಳ ಪುಟ.

ಈಗಾಗಲೇ ಸೈಟ್ ಇರುವವರಲ್ಲಿ ನನ್ನ ವಿನಂತಿ: ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಡೊಮೈನ್ ಯಾರ ಹೆಸರಿನಲ್ಲಿ, ಯಾವ ಇಮೇಲಿನಲ್ಲಿ ಇದೆ, ಯಾವ ದಿನಾಂಕಕ್ಕೆ ಮುಗಿಯುತ್ತದೆ ನೋಡಿ. ಸಂಘ ಸಂಸ್ಥೆಯದ್ದಾದರೆ ಸಂಸ್ಥೆಯ ಇಮೇಲಿಗೆ ಬದಲಿಸಿ, ಪಾಸ್‌ವರ್ಡ್ ಇಬ್ಬರಿಗಾದರೂ ಗೊತ್ತಿರಲಿ. ಪೂರ್ತಿ ಸೈಟಿನ ಒಂದು ಪ್ರತಿಯನ್ನು ಇಳಿಸಿಕೊಳ್ಳಿ. ಸೈಟ್ ಮಾಡಿಕೊಡುವ ಡೆವಲಪರುಗಳೇ, ಕೆಲಸ ಒಪ್ಪಿಸುವ ದಿನ ಡೊಮೈನಿನ ಲಾಗಿನ್, ಹೋಸ್ಟಿಂಗ್ ಲಾಗಿನ್, ಡೇಟಾದ ಪ್ರತಿ ಇವಿಷ್ಟನ್ನೂ ಬರೆದ ಒಂದು ಹಾಳೆಯನ್ನು ಅವರ ಕೈಗೆ ಕೊಡಿ.